ನೂರು ಕಾಳು

ಕೃತ್ತಿಕಾ ಮಳೆ ಒಂದು ಸಂಜೆ ಬಂದು
ಹೊಲದ ಮುಖ ತೊಳೆದು ಹೋಯಿತು.
ರೋಹಿಣಿಗೆ ಇನ್ನೂ ಹನ್ನೊಂದು ದಿನ.
ಕೂರಿಗೆ ಬಡಗಿ ಮೌನೇಶನ ಅಂಗಳದಲ್ಲಿದೆ,
ಬೀಜ ಇನ್ನೂ ನಮ್ಮ ಬಾಯಲ್ಲಿದೆ.

ಕಲಘಟಗಿಯಿಂದ ಇವರು ತಂದದ್ದು
ಮೂರು ಕಿಲೋ ಹೈಬ್ರಿಡ್, ಹಸಿರು ಚೀಲ.
ಚೀಲದ ಮೇಲೊಬ್ಬ ನಗುವ ರೈತ,
ಅವನ ಅಂಗಿಗೆ ಇಸ್ತ್ರಿ.
"ಎಕರೆಕ್ಕ ಮೂವತ್ತು ಚೀಲ ಅಂತ, ದಾವಲಸಾಬ ಹೇಳ್ಯಾನ."
ದಾವಲಸಾಬ ಹೇಳುತ್ತಾನೆ. ಅವನ ಅಂಗಡಿಯಲ್ಲಿ
ಫ್ಯಾನೂ ತಿರುಗುತ್ತದೆ, ಮಾತೂ ತಿರುಗುತ್ತದೆ.

ನಾನು ಕೇಳಿದ್ದು ಒಂದೇ: ಹುಲ್ಲು ಎಷ್ಟುದ್ದ?
ಇವರು ಚೀಲ ತಿರುಗಿಸಿ ಓದಿದರು.
ದಿನ ಇತ್ತು, ತೂಕ ಇತ್ತು,
ಔಷಧ ಹಚ್ಚಿದೆ ತಿನ್ನಬೇಡಿ ಎಂದು ಕೆಂಪಕ್ಷರದಲ್ಲಿತ್ತು.
ಎಮ್ಮೆಯ ಬಗ್ಗೆ ಏನೂ ಇರಲಿಲ್ಲ.

ಹಳೆಯ ಧೋತರ ಹರಿದು ಮೂರು ತುಂಡು ಮಾಡಿದೆ.
ಒಂದೊಂದರಲ್ಲಿ ನೂರು ಕಾಳು, ಸಾಲಾಗಿ, ಎಣಿಸಿ,
ನೀರು ಚಿಮುಕಿಸಿ ಸುರುಳಿ ಸುತ್ತಿ
ಒಲೆಯ ಹಿಂದಿನ ಗೂಡಿನಲ್ಲಿಟ್ಟೆ.
ಒಂದು, ಆ ಹೈಬ್ರಿಡ್.
ಒಂದು ಸಂಪರ್ಕ ಕೇಂದ್ರದ ಜಯಾ,
ಪಾಳಿ ನಿಂತು ಆಧಾರ್ ತೋರಿಸಿ ತಂದದ್ದು.
ಒಂದು ನಮ್ಮದೇ ಇಂಟಾನ,
ಗಡಿಗೆಯಲ್ಲಿ ಬೇವಿನೆಲೆ ಹೊದ್ದು ಮಲಗಿದ್ದದ್ದು.

ನಮಗಿರುವುದು ಮೂರು ತುಂಡು ನೆಲ.
ಕೆರೆಯ ಕೆಳಗಿನದು ಕುಡುಕ,
ಆರಿದ್ರಾ ಬಂತೆಂದರೆ ಮೈಮೇಲೆ ಎಚ್ಚರವಿಲ್ಲ,
ಗಿಡ್ಡ ಬೀಜ ಹಾಕಿದರೆ ತಲೆ ಕಾಣುವುದಿಲ್ಲ.
ನಡುವಿನದು ಮಾವಿನ ನೆರಳಿನದು, ಬೆಂಕಿರೋಗದ ತವರು.
ಮೇಲಿನ ದಿಬ್ಬ ಹತ್ತೇ ಗುಂಟೆ,
ಹುಬ್ಬಿ ಮಳೆ ತಡವಾದರೆ ಮೊದಲು ಬಾಯಿಬಿಡುವುದು ಅದೇ;
ಅಲ್ಲಿಗೆ ಬೇಗ ಕೆಲಸ ಮುಗಿಸಿ
ಮನೆಗೆ ಬರುವಂಥದು ಬೇಕು.

ಭುವನಾ ನೋಟ್‌ಬುಕ್ಕಿನಲ್ಲಿ ಚಾರ್ಟು ಬರೆದಳು:
ತಳಿ, ದಿನ, ಹುಲ್ಲು, ರೋಗ, ರೇಟು.
ಕೊನೆಗೊಂದು ಮನೆ ಉಳಿಯಿತು,
ಅದಕ್ಕೆ "ಅಜ್ಜಿ" ಎಂದು ಬರೆದಳು.
ಅಜ್ಜಿ ಹೇಳಿದಳು,
"ಮುಂಜಾನಿ ಅನ್ನ ಸಂಜೀತನಾ ತಡೀಬೇಕು.
ಹಲ್ಲಿಲ್ಲದವರಿಗೂ ಬಗ್ಗಬೇಕು.
ಮತ್ತ ಅವಲಕ್ಕಿ ಕುಟ್ಟಿದ್ರ ನುಚ್ಚಾಗಬಾರದು. ಬರ್ಕೊ."
ಅಷ್ಟು ಹಿಡಿಸುವ ಮನೆ ಅದಾಗಿರಲಿಲ್ಲ.
ಅಂಚಿಗೆ ತಿರುಗಿಸಿ ತಿರುಗಿಸಿ ಬರೆದಳು.

ನಾಲ್ಕನೆಯ ದಿನ ಸುರುಳಿ ಬಿಚ್ಚಿದೆ.
ಹೈಬ್ರಿಡ್ ತೊಂಬತ್ನಾಲ್ಕು.
ಜಯಾ ಎಂಬತ್ತೆಂಟು.
ನಮ್ಮದು ಎಪ್ಪತ್ತೊಂದು.
ಮತ್ತೊಮ್ಮೆ ಎಣಿಸಿದೆ. ಎಪ್ಪತ್ತೊಂದು.

ಇವರು ಗೆದ್ದರು, ಆದರೆ
ಗೆದ್ದವರ ಹಾಗೆ ಕೂರಲಿಲ್ಲ.
ಒಂದು ಮೊಳಕೆ ಎತ್ತಿ ಬೆಳಕಿಗೆ ಹಿಡಿದು
"ಒಣಗಿಸೂ ಮುಂದ ನೀ ಇರಲಿಲ್ಲಲ್ಲ" ಎಂದರು.

ಇರಲಿಲ್ಲ. ಬೀಜ ಅಂಗಳದಲ್ಲಿದ್ದ ಆ ಎರಡು ದಿನ
ನಾನು ಹುಬ್ಬಳ್ಳಿ ಕಿಮ್ಸಿನ ವರಾಂಡದಲ್ಲಿದ್ದೆ,
ತಂಗಿ ಒಳಗೆ, ನನ್ನ ಕೈಯಲ್ಲಿ ಅವಳ ಬಳೆ.
ಕೂಸು ಈಗ ಬೋರಲು ಬೀಳುತ್ತದೆ,
ತನ್ನ ಕೈ ತಾನೇ ನೋಡಿ ಕೇಕೆ ಹಾಕುತ್ತದೆ.
ಇಪ್ಪತ್ತೊಂಬತ್ತು ಕಾಳು ಅದರ ಲೆಕ್ಕಕ್ಕೆ ಇರಲಿ.

ಚಹಾ ಕುದಿಯುವಷ್ಟರಲ್ಲಿ ನಿಕಾಲಿ ಆಯಿತು.
ದಿಬ್ಬಕ್ಕೆ ಹಸಿರು ಚೀಲ, ಅಲ್ಲಿಗೇ ಮುಗಿಯಲಿ,
ಮುಂದಿನ ವರ್ಷಕ್ಕೆ ಅದರಲ್ಲಿ ಬೀಜ ಹಿಡಿಯುವಂತಿಲ್ಲ,
ಬಂದ ಬೀಗರ ಹಾಗೆ ಉಂಡು ಹೋಗಲಿ.
ನಡುವಿನದಕ್ಕೆ ಜಯಾ, ನೋಡೋಣ.
ಕೆರೆಯ ಕೆಳಗೆ ಇಂಟಾನ,
ಸೇರಿಗೊಂದು ಹಿಡಿ ಹೆಚ್ಚು ಬಿಡುವುದು.
"ಒಂದಲ್ಲ, ಒಂದೂವರಿ" ಎಂದರು ಇವರು,
ಕೂರಿಗೆ ಬಟ್ಟಲ ಹಿಡಿಯುವ ಕೈ ನನ್ನದು,
ಅದರ ಹಿಡಿ ಎಷ್ಟು ಸಣ್ಣದೆಂದು ಗೊತ್ತಿದ್ದವರು.

ಮೊಳೆಯದ ಇಪ್ಪತ್ತೊಂಬತ್ತನ್ನು
ಭುವನಾ ಬಚ್ಚಲ ಕಲ್ಲಿನ ಹಿಂದೆ ಹುಗಿದಿದ್ದಳು.
ಇವತ್ತು ಮುಂಜಾನೆ ಎರಡು ಎದ್ದಿದ್ದವು,
ಸೂಜಿಯಷ್ಟು, ಸೋಪಿನ ನೀರಿನಲ್ಲಿ.
ಓಡಿಬಂದು ಚಾರ್ಟಿನ ಎಪ್ಪತ್ತೊಂದನ್ನು
ಉಗುಳು ಹಚ್ಚಿ ಅಳಿಸಿದಳು,
ಹಾಳೆ ತೂತಾಯಿತು.
ತೂತಿನ ಪಕ್ಕ ಎಪ್ಪತ್ಮೂರು.

ಅಜ್ಜಿ ಒಳಗಿಂದ ಕೇಳುತ್ತಾಳೆ,
ರೋಹಿಣಿಗೆ ಇನ್ನ ಎಷ್ಟ ದಿನಾ ಐತಿ?