ಒಂದೇ ಸುತ್ತು

ಬೆಳಗಿನ ಎಂಟೂಕಾಲು. ನನಗಿದು ಸಂಜೆ.
ಬೂಟು ಕಳಚಿ, ಕಾಲುಚೀಲದ ಗೆರೆ ಮೂಡಿದ ಮೀನಖಂಡ ಉಜ್ಜಿಕೊಂಡು
ಫ್ರೀಜರಿನ ಬಾಗಿಲು ತೆಗೆಯುತ್ತೇನೆ.
ಕಿಟಕಿಯಾಚೆ ಟೊರೆನ್ಸ್‌ವಿಲ್ ಆಗಲೇ ಕಾದ ಕಾವಲಿ.
ಎದುರುಮನೆಯ ಡಿಮಿತ್ರಾ ಟೊಮೆಟೊ ಗಿಡಕ್ಕೆ ನೀರು ಬಿಡುತ್ತ
ನನ್ನ ಕೈಯ ಬಾಟಲಿ ನೋಡಿ, ನೋಡದವಳಂತೆ
ಪೈಪನ್ನು ಆಚೆ ತಿರುಗಿಸುತ್ತಾಳೆ.
ನೋಡಲಿ ಬಿಡು.

ಮೊದಲು ಐಸು. ಲೋಟದ ಕಂಠದವರೆಗೆ.
ಜಿಪುಣತನ ಮಾಡಿದರೆ ಬೇಗ ಕರಗಿ ಎಲ್ಲ ನೀರುನೀರು
ಅಂದದ್ದು ನಾಲ್ಕನೇ ಹಾಸಿಗೆಯ ಕ್ಲೆಮ್ ಟ್ರೆಲೋರ್,
ಪೋರ್ಟ್ ಪೀರಿಯ ಹೋಟೆಲೊಂದರಲ್ಲಿ
ಮೂವತ್ತೊಂದು ವರ್ಷ ಬಾರಿನ ಹಿಂದೆ ನಿಂತ ಮುದುಕ.

ಆಮೇಲೆ ಜಿನ್ನು. ಅಳತೆಗೆ ನನ್ನಲ್ಲಿರುವುದು
ವಾರ್ಡಿನಿಂದ ಜೇಬಲ್ಲೇ ಬಂದುಬಿಟ್ಟ ಔಷಧಿಯ ಪ್ಲಾಸ್ಟಿಕ್ ಬಟ್ಟಲು,
ಮೂವತ್ತರ ಗೆರೆ ಇನ್ನೂ ಮಾಸಿಲ್ಲ.
ಗೆರೆಯ ಮೇಲೊಂದು ಚೂರು. ಅದು ಡೋಸಲ್ಲ, ಕೈಯ ಧಾರಾಳ.

ಸೋಡಾವನ್ನು ಗಾಜಿಗೆ ಒರಗಿಸಿ ಇಳಿಸಬೇಕು,
ನಿದ್ದೆ ಹತ್ತಿದ ಮಗುವನ್ನು ಹಾಸಿಗೆಗೆ ಇಳಿಸಿದ ಹಾಗೆ.
ಇದು ನನ್ನ ಮಾತು. ಅವನು ಹೇಳಿದ್ದು ಬರೀ
"ಮೆಲ್ಲಗೆ, ಹುಡುಗಿ."
ನನಗೆ ನಲವತ್ತೇಳು.
ಚಮಚ ತಳಕ್ಕಿಳಿಸಿ ಒಂದೇ ಸುತ್ತು. ಎರಡನೆಯದು ಕೊಲೆ.

ನಿನ್ನೆ ರಾತ್ರಿ ಎರಡಕ್ಕೆ ಅವನಿಗೆ ಬಾಯಾರಿಕೆ.
ಪಾರ್ಶ್ವವಾಯು ಗಂಟಲಿಗೆ ನುಂಗುವುದನ್ನು ಮರೆಸಿದೆ;
ತೆಳ್ಳನೆ ನೀರು ಶ್ವಾಸಕೋಶದ ದಾರಿ ಹಿಡಿಯುತ್ತದೆ.
ಪುಡಿ ಹಾಕಿ ತಿರುವಿದೆ, ತಿರುವಿದೆ,
ನೀರು ಅಂಬಲಿಯ ಹದಕ್ಕೆ ಬರುವವರೆಗೆ,
ಚಮಚದಲ್ಲಿ ಬಾಯಿಗಿಟ್ಟೆ.
ಮುದುಕ ನುಂಗಿದ, ನನ್ನ ಮಣಿಕಟ್ಟನ್ನೇ ನೋಡುತ್ತ.
"ಎಷ್ಟು ಸುತ್ತು ಅದು?"
ನಾನು ಎಣಿಸಿರಲಿಲ್ಲ.
ಆಮೇಲೆ, ದೀಪ ಆರಿಸುವಾಗ, ಗೋಡೆಗೆ ಮುಖ ಮಾಡಿ:
"ಮನೆಗೆ ಹೋಗಿ ಮಾಡಿಕೊಂಡರೆ
ಕುಡಿಯುವ ಮೊದಲು ಕಿವಿಗಿಟ್ಟು ನೋಡು."

ನಿಂಬೆ ಡಿಮಿತ್ರಾಳದ್ದೇ. ಹೋದ ವಾರ ಬಾಗಿಲ ಹಿಡಿಗೆ
ಚೀಲ ಸಿಕ್ಕಿಸಿ, ಬೆಲ್ಲು ಒತ್ತದೆ ಹೋಗಿದ್ದಳು.
ಸಿಪ್ಪೆಯ ಒಂದು ಸೀಳು ಲೋಟದ ಮೇಲೆ ಮುರಿದು
ಒಳಗೆ ಬಿಟ್ಟು

ಕಿವಿಗಿಟ್ಟುಕೊಂಡಿದ್ದೇನೆ.
ತಣ್ಣನೆ ಗಾಜಿಗೆ ಕೆನ್ನೆ ಜುಮ್ಮೆನ್ನುತ್ತದೆ.
ಒಗ್ಗರಣೆಯಲ್ಲಿ ಸಾಸಿವೆ ಸಿಡಿದು ಮುಗಿದ ಮೇಲೂ
ಎಣ್ಣೆ ತನ್ನಷ್ಟಕ್ಕೆ ಏನೋ ಆಡಿಕೊಳ್ಳುತ್ತದಲ್ಲ,
ಅಂಥ ಸದ್ದು.
ಇದನ್ನು ಇಂಗ್ಲಿಷಿನಲ್ಲಿ ಅವನಿಗೆ ಹೇಗೆ ಹೇಳುವುದೋ.
ಸಂಜೆ ಏಳರವರೆಗೆ ಸಮಯವಿದೆ.

ಐಸೊಂದು ಟಿಕ್ಕೆಂದು ಬಿರಿಯಿತು.
ಆಚೆ ಡಿಮಿತ್ರಾ ನಲ್ಲಿ ನಿಲ್ಲಿಸಿದಳು.
ಈಗ ಸರಿಯಾಗಿ ಕೇಳಿಸುತ್ತಿದೆ.