ಎಂಟೂವರೆ ಅಳತೆ

ನುಗ್ಜರನ ವ್ಯಾನಿನ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ.
ಹೊರಗಿನಿಂದ ಒದ್ದರೆ ತೆರೆಯುತ್ತದೆ.
ಅದಕ್ಕೇ ನಿಂತ ಕಡೆಯೆಲ್ಲ ಅವನೇ ಮೊದಲಿಳಿದು
ಸುತ್ತಿ ಬಂದು ಒದೆಯಬೇಕು. ಅಲ್ಲಿಯ ತನಕ ನಾವು
ಬುಟ್ಟಿ ಮುಚ್ಚಿದ ಕೋಳಿಗಳು.

ಅವನೂ ಸೇರಿ ಎಂಟು ಜನ, ಕುತೈಸಿಯ
ಕೈಗವಸಿನ ಕಾರ್ಖಾನೆಯಲ್ಲಿದ್ದವರು.
ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಈಗಲ್ಲಿ
ಬಚ್ಚಲಿನ ಟೈಲ್ಸ್ ಮಾರುತ್ತಾರೆ.
ಆದರೂ ಅಕ್ಟೋಬರಿನ ಒಂದು ಶನಿವಾರ
ಲಮಾರಾ ಫೋನು ಮಾಡುತ್ತಾಳೆ, ಅದೇ ಹಳೆಯ
ಮೇಲ್ವಿಚಾರಕಿಯ ಗಂಟಲಲ್ಲಿ:
"ಏಳಕ್ಕೆ. ತಡವಾದರೆ ಬಿಟ್ಟು ಹೋಗ್ತೇವೆ."
ಯಾರನ್ನೂ ಬಿಟ್ಟು ಹೋದದ್ದಿಲ್ಲ.
ಹೋದವರು ತಾವಾಗಿಯೇ ಹೋದರು.

ಮೊದಲು ಸೇತುವೆ. ಒಂದೇ ಕಮಾನು, ಕೆಳಗೆ ಹಸಿರು ನೀರು.
ಓತಾರ್ ನೋಟ್‌ಬುಕ್ಕಿನಿಂದ ಅದರ ವಯಸ್ಸು ಓದಿದ,
ಹೋದ ವರ್ಷ ಇನ್ನೂರು ವರ್ಷ ಕಮ್ಮಿ ಓದಿದ್ದ.
ಆಮೇಲೆ ದಾರಿ ತಪ್ಪಿದೆವು. ದಾರಿ ಕೇಳಿದ ಮನೆಯಲ್ಲಿ
ಹಗ್ಗದ ಮೇಲೆ ದ್ರಾಕ್ಷಿಪಾಕದಲ್ಲಿ ಅದ್ದಿದ ಅಕ್ರೋಟಿನ ಸರ,
ಪಕ್ಕದಲ್ಲೇ ಕಾಲುಚೀಲ, ಎರಡೂ ಒಣಗುತ್ತಿದ್ದವು.
ಆ ಮನೆಯವಳು ದಾರಿ ಹೇಳಲಿಲ್ಲ, ವೈನು ಕೊಟ್ಟಳು.
ಕುಡಿದ ಮೇಲೆ ದಾರಿ ತಾನಾಗಿ ಸಿಕ್ಕಿತು.

ಗವಿಯ ಬಾಯಲ್ಲಿ ನುಗ್ಜರ್ ಸಿಗರೇಟು ಹಚ್ಚಿದ.
"ಮಣ್ಣೊಳಗೆ ಹೋಗೋದು ಇದ್ದೇ ಇದೆಯಲ್ಲ,
ಟಿಕೆಟ್ಟು ತಗೊಂಡು ಯಾಕೆ?"

ಒಳಗೆ ತಣ್ಣಗೆ. ಕಂಬಿ ಹಿಡಿದು ನಡೆದೆವು.
ಕಲ್ಲಿನ ಮೊಲೆಗಳಿಂದ ತೊಟ್ ತೊಟ್ ನೀರು.
ದಾರಿ ತೋರಿಸುವ ಹುಡುಗ, ಕೆಂಪು ಕಿವಿಯವನು,
ಇದು ಆನೆ ಇದು ಮದುಮಗಳು ಇದು ಆರ್ಗನ್ ವಾದ್ಯ
ಅನ್ನುತ್ತ ಹೋದ. ನನಗೆ ಎಲ್ಲವೂ
ಹದ ಹಾಕಲು ನೇತುಬಿಟ್ಟ ತೊಗಲಿನ ಹಾಗೇ ಕಂಡಿತು.

"ಈಗ ದೀಪ ಆರಿಸ್ತೇನೆ, ಒಂದೇ ನಿಮಿಷ.
ಈ ಕತ್ತಲು ಕಣ್ಣಿಗೆ ರೂಢಿಯಾಗೋದಿಲ್ಲ."

ಗವ್ವೆನ್ನುವುದು ಏನೆಂದು ಅವತ್ತು ತಿಳಿಯಿತು.
ಕಣ್ಣು ಮುಚ್ಚಿದೆ, ತೆರೆದೆ. ಯಾವುದು ಯಾವುದೆಂದು
ಗೊತ್ತಾಗಲಿಲ್ಲ. ಜುಜುನಾ ನಗಲು ಹೊರಟು ನಿಲ್ಲಿಸಿದಳು.

ಆಗ ಯಾರೋ ನನ್ನ ಎಡಗೈ ಹಿಡಿದರು.

ಹಿಡಿದದ್ದಲ್ಲ, ಕಚ್ಚಿಕೊಂಡದ್ದು.
ಬೆವತ ಅಂಗೈ. ಹೆಬ್ಬೆರಳ ಬುಡ ದಪ್ಪ. ಎಂಟೂವರೆ.
ಕತ್ತರಿಸುವ ಮೇಜಿನಲ್ಲಿ ಇಪ್ಪತ್ತಾರು ವರ್ಷ ನಿಂತವಳು ನಾನು,
ಮುಖ ಮರೆತೇನು, ಕೈ ಮರೆಯಲಾರೆ.

ದೀಪ ಬಂತು. ಕೈ ಇರಲಿಲ್ಲ.
ಓತಾರ್ ಕನ್ನಡಕ ಒರೆಸುತ್ತಿದ್ದ. ಗುರಾಮ್ ಬಾಯಿ ತೆರೆದು
ಮೇಲೆ ನೋಡುತ್ತಿದ್ದ. ಲಮಾರಾ ಆಗಲೇ ಮುಂದೆ ಹೊರಟು
"ನಡೀರಿ, ನಡೀರಿ" ಅನ್ನುತ್ತಿದ್ದಳು.

ಊಟಕ್ಕೆ ಹೊಳೆಯ ದಡ. ಖಚಾಪುರಿ ಕೈಯಿಂದ ಕೈಗೆ ಬಂತು,
ನಾನು ಕೈಗಳನ್ನೇ ನೋಡಿದೆ.
ಓತಾರನದು ಒಂಬತ್ತು. ಗುರಾಮನದು ಎಂಟು, ಬೆರಳು ಸಪೂರ.
ತ್ಸಿಯಾಲಾ ಏಳು. ಜುಜುನಾ ಏಳಕ್ಕೂ ಕಮ್ಮಿ,
ಮೇರಿಯ ಗಂಟುಬೆರಳಿಗೆ ಈಗ ಅಳತೆಯೇ ಇಲ್ಲ.
ಲಮಾರಾ ಉಪ್ಪು ಚಾಚಿದಳು.

ಒಂದು ಗೇಣು ತೊಗಲು ಹಾಳು ಮಾಡಿದೆನೆಂದು
ಒಂದು ಚಳಿಗಾಲ ನನ್ನ ಅರ್ಧ ಸಂಬಳ ಕತ್ತರಿಸಿದ್ದಳು.
ಗಂಡಸರ ಗವಸೇ ಬೇಕಾಗುತ್ತದೆ ಈ ಹೆಂಗಸಿಗೆ ಎಂದು
ಶೌಚಾಲಯದಲ್ಲಿ ನಾವು ನಕ್ಕದ್ದೂ ಉಂಟು.
ಉಪ್ಪು ತಗೊಂಡೆ. ಉಪ್ಪು ಬೇಕಿರಲಿಲ್ಲ.

ಕೊನೆಗೆ ಗುಡ್ಡದ ಮೇಲಿನ ಕಾವಲು ಗೋಪುರ.
ಒಳಗೆ ಸುತ್ತು ಮೆಟ್ಟಿಲು, ಕಿಟಕಿಯಿಲ್ಲ, ಪಾರಿವಾಳದ ನಾತ.
ಉಳಿದವರು ಹತ್ತಿಹೋದರು. ಹೊಸಿಲಲ್ಲಿ ಲಮಾರಾ
ಬೂಟಿನ ದಾರ ಕಟ್ಟುತ್ತಿದ್ದಳು, ಕಟ್ಟಿದ್ದನ್ನೇ ಕಟ್ಟುತ್ತಿದ್ದಳು.
ನಾನು ಪಕ್ಕದಲ್ಲಿ ನಿಂತು ಈ ಸಲದ ದ್ರಾಕ್ಷಿ ಬೆಳೆ,
ಸೊಸೆಯ ಹಲ್ಲು, ಏನೇನೋ ಹೇಳಿದೆ,
ಎಡಗೈ ಸುಮ್ಮನೆ ಇಳಿಬಿಟ್ಟು.

"ಮೆಟ್ಟಿಲು ಜಾರುತ್ತೆ ನಾಜಿಬ್ರೋಲಾ," ಗದರಿದಳು,
"ಕೈ ಕೊಡು. ನಿನಗೆ ಮೊದಲಿನಿಂದಲೂ ನಿಗಾ ಇಲ್ಲ."

ಇಲ್ಲ ಮೇಡಂ, ಅಂದೆ. ಕೊಟ್ಟೆ.
ಮೂವತ್ತೊಂಬತ್ತು ಮೆಟ್ಟಿಲು.
ಕೆಳಗೆಲ್ಲೋ ನುಗ್ಜರ್ ಬಾಗಿಲು ಒದೆಯುತ್ತಿದ್ದ,
ಒಳಗೆ ಯಾರೂ ಇರಲಿಲ್ಲ.