ಗಜನಿ ಕಟ್ಟೆ

ಚಿಪ್ಪು ಪಾದ ಸೀಳಿದ್ದು
ಜಗಲಿಯಲ್ಲಿ ಕೆಂಪು ಹೆಜ್ಜೆ ಕಂಡಮೇಲೆ ಗೊತ್ತಾಯಿತಂತೆ
ಬೊಮ್ಮಯ್ಯ ಅಂಬಿಗನಿಗೆ.

ಕುಮಟೆಯ ಲ್ಯಾಬಿನಲ್ಲಿ ರಕ್ತ ತೆಗೆದವಳು ನಾನು.
ಮೂರು ತಿಂಗಳ ಸಕ್ಕರೆ ಹನ್ನೊಂದು ದಾಟಿತ್ತು.
"ಸಿಹಿ ನಾ ಮುಟ್ಟೂದೇ ಇಲ್ಲ" ಅಂದ,
ಕಿಸೆಯ ಅಂಚಿಗೆ ಬನ್ನಿನ ಪುಡಿ.

ಓದಿದ್ದನ್ನು ಒಪ್ಪಿಸಬಹುದಿತ್ತು, ನಾರು, ಕರುಳು, ಸೂಕ್ಷ್ಮಾಣು.
ಬಾಯಿಗೆ ಬಂದದ್ದು ಗಜನಿ.

ನೆನಪುಂಟಾ, ಕಟ್ಟೆ ಕಾಯುವವರಿದ್ದಾಗ
ಉಪ್ಪುನೀರು ಕೇಳಿ ಒಳಬರುತ್ತಿತ್ತು.
ಕಗ್ಗ ಭತ್ತ ಮುಳುಗಿ ಎದ್ದೂ ತೆನೆ ಬಿಡುತ್ತಿತ್ತು,
ಬುಡದಲ್ಲಿ ಸೀಗಡಿ, ಏಡಿ, ಹೆಸರಿಲ್ಲದ ಹುಳ.
ಆಮೇಲೆ ಮಣ್ಣು ಹೊರುವವರಿಲ್ಲ.
ಒಡೆದದ್ದು ಒಂದು ರಾತ್ರಿಗಲ್ಲ,
ಏಡಿ ತೋಡಿದಷ್ಟೇ ತೂತು, ಹತ್ತು ವರ್ಷ.

ಹೊಟ್ಟೆಯೂ ಅಷ್ಟೇ ಮಾರಾಯ.
ಒಳಗಿನವರಿಗೆ ಉಣ್ಣಲು ಇಲ್ಲದಿದ್ದರೆ
ಕಟ್ಟೆಯನ್ನೇ ತಿನ್ನುತ್ತಾರೆ.

ಪಾದದ ಪಟ್ಟಿ ನೋಡುತ್ತ ಕೂತ.
"ಸೇತುವೆ ಆದಮೇಲೆ ದೋಣಿ ಇಲ್ಲ.
ಕೂತಲ್ಲೇ ಚಾ, ಚಾದ ಸಂಗಡ ಬನ್ನು.
ತಂಗಳು ಗಂಜಿ, ಸುಟ್ಟ ಒಣಮೀನು ಕೇಳಿದ್ರೆ
ಸೊಸೆ ನೆಗಾಡ್ತದೆ."

ಅವನು ಕುಂಟುತ್ತ ಮೆಟ್ಟಿಲಿಳಿದ.
ನನ್ನ ಡ್ರಾವರಿನಲ್ಲಿ ಕ್ರೀಮ್ ಬಿಸ್ಕತ್ತು, ಅರ್ಧ ಪ್ಯಾಕು.
ತಿಂದೆ, ನಿಂತೇ,
ಮುಂದಿನ ಸೀಸೆಗೆ ಹೆಸರು ಬರೆಯುತ್ತ.

ರಾತ್ರಿ ಉಳಿದ ಕೆಂಪಕ್ಕಿ ಅನ್ನಕ್ಕೆ
ನೀರು ಹೊಯ್ದು ಮುಚ್ಚಿಟ್ಟೆ.
ಅವನಿಗಾಗಿ ಅಲ್ಲ, ನನಗೂ ನಲವತ್ತಾರು.

ಬೆಳಗ್ಗೆ ಮುಚ್ಚಳ ಎತ್ತಿದರೆ
ಹುಳಿ ವಾಸನೆ, ಅಂಚಿನಲ್ಲಿ ಸಣ್ಣ ಗುಳ್ಳೆ,
ಕತ್ತಲಲ್ಲೇ ಎದ್ದು
ಯಾರೋ ಬುಟ್ಟಿಬುಟ್ಟಿ ಮಣ್ಣು
ಹೊರುತ್ತಿರುವ ಹಾಗೆ.